ನೋಡನ್ನು ಡ್ರೇನ್ ಮಾಡುವಾಗ ಬರೆಯುವ ಒಂದು ಸಾಲು

ಹಲವು ಕಂಪ್ಯೂಟರುಗಳನ್ನು ಜೋಡಿಸಿದ ಕ್ಲಸ್ಟರಿನಲ್ಲಿ ಯಾವ ಕೆಲಸ (ಜಾಬ್) ಯಾವ ಕಂಪ್ಯೂಟರಿನಲ್ಲಿ (ನೋಡ್) ಓಡಬೇಕೆಂದು ಹಂಚುವ ತಂತ್ರಾಂಶ ಸ್ಲರ್ಮ್. ಅದನ್ನು ಹಾಕಿರುವ ಕಡೆ ಕೈಕೊಟ್ಟ ನೋಡನ್ನು ಸೇವೆಯಿಂದ ತೆಗೆಯಲು ‘ಎಸ್‌ಕಂಟ್ರೋಲ್ ಅಪ್‌ಡೇಟ್’ ಆಜ್ಞೆಯಲ್ಲಿ ಎರಡು ಸ್ಥಿತಿಗಳನ್ನು ಕೊಡಬಹುದು. ‘ಡ್ರೇನ್’ ಎಂದು ಕೊಟ್ಟರೆ ಆಗಲೇ ನಡೆಯುತ್ತಿರುವ ಜಾಬ್‌ಗಳು ತಮ್ಮ ಪಾಡಿಗೆ ಮುಗಿಯುತ್ತವೆ, ಹೊಸವು ಮಾತ್ರ ಬರುವುದಿಲ್ಲ. ‘ಡೌನ್’ ಎಂದರೆ ನಡೆಯುತ್ತಿರುವವೂ ಅಲ್ಲಿಗೇ ನಿಲ್ಲುತ್ತವೆ. ಮೆಮೊರಿ ದೋಷ ತೋರುತ್ತಿದ್ದ ನೋಡೊಂದಕ್ಕೆ ಆತುರದಲ್ಲಿ ಎರಡನೆಯದನ್ನು ಕೊಟ್ಟು, ಸಹೋದ್ಯೋಗಿಯೊಬ್ಬರ ಮೂರು ದಿನಗಳ ಲೆಕ್ಕಾಚಾರವನ್ನು ಹಾಳುಮಾಡಿದ ಮೇಲೆ, ಮೊದಲು ಜಾಬ್‌ಗಳ ಪಟ್ಟಿ ತೋರಿಸುವ ‘ಎಸ್‌ಕ್ಯೂ’ ಆಜ್ಞೆಗೆ ನೋಡಿನ ಹೆಸರು ಕೊಟ್ಟು ಅಲ್ಲಿ ಯಾರ ಕೆಲಸವಿದೆ ಎಂದು ನೋಡುವುದು ನನಗೆ ರೂಢಿಯಾಯಿತು.

ಎರಡೂ ಸ್ಥಿತಿಗಳಿಗೆ ಸ್ಲರ್ಮ್ ಕಾರಣವನ್ನು ಕೇಳುತ್ತದೆ. ಇಲ್ಲಿ ‘ಪರೀಕ್ಷೆ’ ಎಂದಷ್ಟೇ ಬರೆದು ಮುಂದೆ ಹೋಗುವವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ತಿಂಗಳ ನಂತರ ನೋಡ್‌ಗಳ ಸ್ಥಿತಿ ತೋರಿಸುವ ‘ಎಸ್‌ಇನ್ಫೋ’ ಆಜ್ಞೆಗೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟಾಗ ಕಾರಣ, ಬರೆದವರ ಹೆಸರು, ವೇಳೆ, ನೋಡ್ ಎಲ್ಲವೂ ಒಂದೇ ಸಾಲಿನಲ್ಲಿ ಬಂದವು; ಹೆಸರು ನನ್ನದೇ ಆಗಿದ್ದರೂ ಏನನ್ನು ಪರೀಕ್ಷಿಸಬೇಕೆಂದುಕೊಂಡಿದ್ದೆ ಎಂಬುದು ಮಾತ್ರ ಹೊಳೆಯಲಿಲ್ಲ. ಈಗ ಯಾವ ಸ್ಲಾಟಿನ ಮೆಮೊರಿ, ಎಂಥ ದೋಷ, ದುರಸ್ತಿಗೆ ಕೊಟ್ಟ ದೂರಿನ ಸಂಖ್ಯೆ ಯಾವುದು ಎಂಬಷ್ಟನ್ನಾದರೂ ಬರೆಯುತ್ತೇನೆ.

ನೋಡ್ ತಾನಾಗಿಯೇ ಡೌನ್ ಆಗುವುದೂ ಉಂಟು. ಅದರಲ್ಲಿ ಹಿನ್ನೆಲೆಯಲ್ಲಿ ಓಡುವ ಸ್ಲರ್ಮ್‌ನ ಪ್ರೋಗ್ರಾಂ ‘ಸ್ಲರ್ಮ್‌ಡಿ’ ಉತ್ತರಿಸದಿದ್ದರೆ ಸ್ಥಿತಿಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಕಾಣುತ್ತದೆ; ನೋಡನ್ನು ಡೌನ್ ಎಂದು ಗುರುತಿಸುವ ಮುನ್ನ ಸ್ಲರ್ಮ್ ಕಾಯುವ ಅವಧಿ, ಅದನ್ನು ಬದಲಿಸದಿದ್ದರೆ, 300 ಸೆಕೆಂಡು.

ನೋಡನ್ನು ಮರಳಿ ಸೇವೆಗೆ ಸೇರಿಸುವ ‘ರೆಸ್ಯೂಮ್’ ಕೊಡುವ ಮುನ್ನ, ದುರಸ್ತಿಯಾದ ನೋಡನ್ನು ಅದರ ನೆರೆಯವುಗಳೊಂದಿಗೆ ಹೋಲಿಸಿ ನೋಡುವುದು ಲೇಸು. ‘ಪಿಡಿಎಸ್‌ಎಚ್’ ಮೂಲಕ ಎಲ್ಲ ನೋಡ್‌ಗಳಲ್ಲೂ ಒಂದೇ ಆಜ್ಞೆಯನ್ನು ಓಡಿಸಿ, ಬಂದದ್ದನ್ನು ‘ಡಿಎಸ್‌ಎಚ್‌ಬ್ಯಾಕ್’ಗೆ ಸಿ ಆಯ್ಕೆಯೊಡನೆ ಕೊಟ್ಟರೆ, ಒಂದೇ ಉತ್ತರ ಕೊಟ್ಟವು ಒಟ್ಟಾಗಿ ಕಾಣುತ್ತವೆ, ಬೇರೆ ಉತ್ತರ ಕೊಟ್ಟದ್ದು ಎದ್ದು ತೋರುತ್ತದೆ. ಕರ್ನಲ್ ಆವೃತ್ತಿ ಮತ್ತು ಮೆಮೊರಿಯ ಪ್ರಮಾಣದ ಜೊತೆಗೆ, ಎಲ್ಲ ನೋಡ್‌ಗಳೂ ಬಳಸುವ ಹಂಚಿಕೆಯ ಡೈರೆಕ್ಟರಿ ಮೌಂಟ್ ಆಗಿದೆಯೇ, ಅಂದರೆ ನೋಡಿಗೆ ಜೋಡಣೆಯಾಗಿದೆಯೇ ಎಂಬುದನ್ನು ನಾನು ತಪ್ಪದೆ ನೋಡುತ್ತೇನೆ. ಏಕೆಂದರೆ ಅದಿಲ್ಲದ ನೋಡಿನಲ್ಲಿ ಜಾಬ್ ಕೆಲವೇ ಸೆಕೆಂಡುಗಳಲ್ಲಿ ಸೋತು ಬೀಳುತ್ತದೆ, ನೋಡ್ ಮತ್ತೆ ಬಿಡುವಾಗಿ ಕಾಣುತ್ತದೆ, ಸ್ಲರ್ಮ್ ಸರದಿಯಲ್ಲಿರುವ ಮುಂದಿನ ಜಾಬನ್ನೂ ಅಲ್ಲಿಗೇ ಕಳಿಸುತ್ತದೆ, ಹೀಗೆ ಒಂದೇ ನೋಡ್ ಒಂದು ರಾತ್ರಿಯಲ್ಲಿ ಇಡೀ ಸರದಿಯನ್ನು ನುಂಗಿಹಾಕಬಲ್ಲದು.