ಮನೆಸಾಲ ಯಾರ ಸಂಬಳದಲ್ಲಿ ತೀರುತ್ತದೆ?

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ಹಾಜರಿ, ಸಂಬಳ, ಪಿ.ಎಫ್. (ಭವಿಷ್ಯನಿಧಿ), ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಲೆಕ್ಕಗಳನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಯಜಮಾನರು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು. ಇಬ್ಬರೂ ದುಡಿಯುವವರಾದ್ದರಿಂದಲೂ, ಇನ್ನೊಬ್ಬರ ಸಂಬಳದ ಚೀಟಿಯನ್ನು ನೋಡುವುದೇ ನನ್ನ ಕೆಲಸವಾದ್ದರಿಂದಲೂ, ಹೊಸದಾಗಿ ಮದುವೆಯಾದ ಹುಡುಗಿಯರು ಊಟದ ಬಿಡುವಿನಲ್ಲಿ ಹತ್ತಿರ ಬಂದು ಕೂತು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಕ್ಕಾ, ನಿಮ್ಮ ಮನೇಲಿ ಸಾಲ ಯಾರ ಸಂಬಳದಲ್ಲಿ ಹೋಗುತ್ತೆ, ಖರ್ಚು ಯಾರ ಸಂಬಳದಲ್ಲಿ ನಡೆಯುತ್ತೆ?"

ಇದಕ್ಕೆ ಒಂದು ಸಾಲಿನ ಉತ್ತರವಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಗಂಡ ಹೆಂಡತಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಇಬ್ಬರಲ್ಲಿ ಒಬ್ಬರ ಸಂಬಳ ನಾಳೆಯಿಂದ ನಿಂತುಹೋದರೆ, ಸಾಲದ ಕಂತನ್ನು ಯಾವ ಕಾಗದ ಕಟ್ಟುತ್ತದೆ?

ನನಗೆ ಈ ಪ್ರಶ್ನೆ ಹೊಳೆದದ್ದು ಯಾವ ತರಬೇತಿಯಲ್ಲೂ ಅಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಕಾರ್ಖಾನೆಯ ಕಾರ್ಮಿಕರೊಬ್ಬರು ಬೆಳಗಿನ ಪಾಳಿಗೆ ಬೈಕಿನಲ್ಲಿ ಬರುತ್ತಿದ್ದಾಗ ಹೆದ್ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡರು. ಕೆಲವು ದಿನಗಳ ನಂತರ ಅವರ ಹೆಂಡತಿ ಜವಳಿ ಅಂಗಡಿಯ ಕೈಚೀಲವೊಂದರಲ್ಲಿ ಕಾಗದಗಳನ್ನೆಲ್ಲ ತುಂಬಿಕೊಂಡು ನನ್ನ ಮೇಜಿನ ಮುಂದೆ ಬಂದು ಕುಳಿತರು. ಗಂಡನ ಸಾಲಗಳು ಆಕೆಗೆ ಬಾಯಿಪಾಠವಾಗಿದ್ದವು. ಸಂಘದ ವಾರದ ಕಂತು ಎಷ್ಟು, ಬೈಕಿನ ಕಂತು ಇನ್ನೆಷ್ಟು ತಿಂಗಳು, ಊರಿನಲ್ಲಿ ಯಾರ ಹತ್ತಿರ ನೂರಕ್ಕೆ ಎಷ್ಟು ರೂಪಾಯಿ ಬಡ್ಡಿಯ ಕೈಸಾಲ ಎಂಬುದನ್ನೆಲ್ಲ ತಡವರಿಸದೆ ಹೇಳಿದರು. ಬರಬೇಕಾದ ಹಣದ ವಿಷಯಕ್ಕೆ ಬಂದಾಗ ಮಾತ್ರ ಅವರಿಗೆ ಗೊತ್ತಿದ್ದದ್ದು "ಪಿ.ಎಫ್. ಅಂತ ಏನೋ ಬರುತ್ತಂತೆ" ಎಂಬಷ್ಟೇ.

ಆ ಕೈಚೀಲದಲ್ಲಿದ್ದ ಬ್ಯಾಂಕ್ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ನೋಡುತ್ತ ಹೋದಾಗ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಮತ್ತು 20 ರೂಪಾಯಿ ಕಡಿತವಾಗಿದ್ದ ಎರಡು ಸಾಲುಗಳು ಸಿಕ್ಕವು. ಮೊದಲನೆಯದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ಅಪಘಾತ ವಿಮೆ. ಅಪಘಾತದ ಸಾವಾದ್ದರಿಂದ ಎರಡೂ ಸೇರಿ ನಾಲ್ಕು ಲಕ್ಷ ರೂಪಾಯಿಗೆ ಅರ್ಜಿ ಹಾಕಬಹುದಾಗಿತ್ತು. ಪಿ.ಎಫ್. ಖಾತೆಯೊಂದಿಗೆ ತಾನಾಗಿಯೇ ಬರುವ ಇ.ಡಿ.ಎಲ್.ಐ. ಎಂಬ ಜೀವವಿಮೆ ಇತ್ತು. ಇದಕ್ಕೆ ಕಾರ್ಮಿಕರ ಸಂಬಳದಿಂದ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಗರಿಷ್ಠ ಮೊತ್ತ 7 ಲಕ್ಷ. ಪಿ.ಎಫ್. ಪಿಂಚಣಿ ಯೋಜನೆಯಲ್ಲಿ ಹೆಂಡತಿಗೂ ಮಕ್ಕಳಿಗೂ ಮಾಸಿಕ ಪಿಂಚಣಿ ಇತ್ತು. ಅವರ ಸಂಬಳ ಇ.ಎಸ್.ಐ. ಮಿತಿಯೊಳಗೆ ಇತ್ತು, ಮತ್ತು ಕೆಲಸಕ್ಕೆ ಬರುವ ದಾರಿಯಲ್ಲಿ ಆಗುವ ಅಪಘಾತವನ್ನೂ ಕೆಲಸದ ಅಪಘಾತವೆಂದೇ ಪರಿಗಣಿಸಲು 2010ರ ತಿದ್ದುಪಡಿ ಅವಕಾಶ ಕೊಟ್ಟಿರುವುದರಿಂದ, ಅವಲಂಬಿತರಿಗೆ ಸಲ್ಲುವ ಸೌಲಭ್ಯಕ್ಕೂ ಅರ್ಜಿ ತಯಾರಾಯಿತು. ಸಾಲ ಕೊಟ್ಟವರು ಹನ್ನೊಂದನೆಯ ದಿನ ಕಳೆಯುವ ಮೊದಲೇ ಮನೆಗೆ ಬಂದು ಹೋಗಿದ್ದರಂತೆ. ಈ ಹಣ ಕೊಡಬೇಕಾದ ಕಚೇರಿಗಳಿಗಾದರೆ ನಾವೇ ಅರ್ಜಿ ಹಿಡಿದುಕೊಂಡು ಹೋಗಬೇಕು.

ಅಂದು ಸಂಜೆ ಮನೆಗೆ ಹೋಗುವಾಗ ಮಂಡಿಪೇಟೆಯಲ್ಲಿ ಬಸ್ಸಿನಿಂದ ಇಳಿದು, ವ್ಯಾಪಾರಿಗಳು ಬಳಸುವ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಂಡುಕೊಂಡೆ. ಎಡ ಪುಟದಲ್ಲಿ ನಾವು ಕೊಡಬೇಕಾದದ್ದು, ಬಲ ಪುಟದಲ್ಲಿ ನಮ್ಮಲ್ಲೊಬ್ಬರಿಗೆ ಏನಾದರೂ ಆದರೆ ನಮಗೆ ಬರಬೇಕಾದದ್ದು. ಬರೆಯುತ್ತ ಹೋದಂತೆ ದೀಪದ ಬುಡದಲ್ಲಿ ಎಷ್ಟು ಕತ್ತಲೆಯಿದೆ ಎಂಬುದು ತಿಳಿಯಿತು. ನೂರಾರು ಜನರ ನಾಮಿನಿ ಅರ್ಜಿಗಳನ್ನು ತುಂಬಿಸಿರುವ ನನ್ನ ಸ್ವಂತ ಪಿ.ಎಫ್. ಖಾತೆಯಲ್ಲಿ ಮದುವೆಗೆ ಮುಂಚೆ ಕೊಟ್ಟಿದ್ದ ಅಪ್ಪನ ಹೆಸರೇ ಇತ್ತು. ಮದುವೆಯಾಗಿ ಕುಟುಂಬ ಎಂದಾದ ಕೂಡಲೇ ಹಳೆಯ ಪಿ.ಎಫ್. ನಾಮನಿರ್ದೇಶನ ಅಸಿಂಧುವಾಗುತ್ತದೆ ಎಂಬ ನಿಯಮವನ್ನು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಯಜಮಾನರ ಕೆ.ಜಿ.ಐ.ಡಿ. (ರಾಜ್ಯ ಸರ್ಕಾರಿ ನೌಕರರ ಜೀವವಿಮೆ) ಪಾಲಿಸಿಯಲ್ಲಿ ಅತ್ತೆಯವರ ಹೆಸರಿತ್ತು. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರಾದ್ದರಿಂದ ಅವರಿಗೆ ಹಳೆಯ ಪಿಂಚಣಿಯಿಲ್ಲ, ಎನ್.ಪಿ.ಎಸ್. ಎಂಬ ಹೊಸ ಪಿಂಚಣಿ ಯೋಜನೆಯಿದೆ, ಅದರ ಖಾತೆ ಸಂಖ್ಯೆಯನ್ನು ಹುಡುಕುವುದಕ್ಕೇ ಒಂದು ಭಾನುವಾರ ಹಿಡಿಯಿತು.

ಎಡ ಪುಟದ ಕಥೆ ಇದಕ್ಕಿಂತ ಮುಜುಗರದ್ದು. ಮರಳೂರಿನ ಕಡೆ ಮನೆ ಕಟ್ಟಲು 2019ರಲ್ಲಿ 18 ಲಕ್ಷ ರೂಪಾಯಿ ಗೃಹಸಾಲ ಮಾಡಿದ್ದೆವು. ಆಗಿನ ಬಡ್ಡಿದರ ಶೇ 8.5, ಅವಧಿ 20 ವರ್ಷ, ತಿಂಗಳ ಕಂತು 15,621 ರೂಪಾಯಿ. ಮೊದಲ ಕಂತಿನಲ್ಲಿ 12,750 ರೂಪಾಯಿ ಬಡ್ಡಿಗೇ ಹೋಗಿ, ಅಸಲಿನಲ್ಲಿ ಕರಗಿದ್ದು 2,871 ರೂಪಾಯಿ ಮಾತ್ರ. ಇದು ಇಬ್ಬರಿಗೂ ಗೊತ್ತಿತ್ತು. ನನಗೆ ಗೊತ್ತಿರದಿದ್ದದ್ದು, ನಾದಿನಿಯ ಮದುವೆಗೆಂದು ಯಜಮಾನರು ತಿಪಟೂರಿನ ಪರಿಚಯದವರೊಬ್ಬರಿಂದ ಪ್ರೋನೋಟು ಬರೆದುಕೊಟ್ಟು ತಂದಿದ್ದ ಒಂದೂವರೆ ಲಕ್ಷದ ಕೈಸಾಲ. ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಮ್ಮ ಕಡೆ "ಬರೀ ಎರಡು ರೂಪಾಯಿ" ಎಂದರೆ ಕೇಳಿದವರಿಗೆ ಹಗುರವೆನಿಸುತ್ತದೆ, ಏಕೆಂದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ 24 ಆಯಿತು. ತಿಂಗಳಿಗೆ 3,000 ರೂಪಾಯಿ ಬಡ್ಡಿ, ಅಸಲು ಇದ್ದಲ್ಲೇ ಇತ್ತು. 18 ಲಕ್ಷದ ಸಾಲದಲ್ಲಿ ಮೊದಲ ತಿಂಗಳು ನಾವು ಕರಗಿಸಿದ ಅಸಲಿಗಿಂತ ಹೆಚ್ಚು ಹಣ ಒಂದೂವರೆ ಲಕ್ಷದ ಬಡ್ಡಿಗೆ ಹೋಗುತ್ತಿತ್ತು ಎಂಬುದನ್ನು ಪುಸ್ತಕದಲ್ಲಿ ಅಕ್ಕಪಕ್ಕ ಬರೆದು ನೋಡಿದ ಮೇಲೆ ನನಗೆ ಬಂದ ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು.

ನನ್ನ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲವನ್ನು ಒಂದೇ ಬಾರಿಗೆ ತೀರಿಸಿದೆವು. ವರ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಅದೇ ಒಂದೂವರೆ ಲಕ್ಷಕ್ಕೆ ತಿಂಗಳಿಗೆ ಬಿದ್ದದ್ದು 1,125 ರೂಪಾಯಿ. ಆದರೆ ಒಂದು ಷರತ್ತು ಹಾಕಿದ್ದೆ: ಒಡವೆ ನನ್ನದಾದ್ದರಿಂದ ಸಾಲವೂ ನನ್ನ ಹೆಸರಿನಲ್ಲಿರಬೇಕು, ರಸೀದಿ ನನ್ನ ಬಳಿ ಇರಬೇಕು, ಬಿಡಿಸುವ ಹಣ ಅವರ ಸಂಬಳದಿಂದ ಬರಬೇಕು. ಹೆಂಡತಿಯ ಒಡವೆಯನ್ನು ಗಂಡನ ಹೆಸರಿನಲ್ಲಿ ಅಡವಿಟ್ಟು, ಅದು ಹರಾಜಿಗೆ ಬಂದಾಗ ನೋಟಿಸ್ ಯಾರ ಕೈ ಸೇರಿತು ಎಂಬುದೇ ತಿಳಿಯದೆ ಹೋದ ಮನೆಗಳನ್ನು ನೋಡಿದ್ದೇನೆ. ಒಡವೆ ಬಿಡಿಸಿಕೊಂಡ ಮೇಲೆ, ಹಿಂದೆ ಬಡ್ಡಿಗೆ ಹೋಗುತ್ತಿದ್ದ ಅದೇ 3,000 ರೂಪಾಯಿಯನ್ನು ತಿಂಗಳು ತಿಂಗಳೂ ಗೃಹಸಾಲದ ಅಸಲಿಗೆ ಕಟ್ಟಲು ಆರಂಭಿಸಿದೆವು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಸಹಿಯ ವಿಷಯದಲ್ಲಿ ನನಗೆ ಸ್ವಲ್ಪ ಹಟವಿದೆ. ಗೃಹಸಾಲದ ಪತ್ರಕ್ಕೆ ಹೆಂಡತಿ ಸಹ ಸಾಲಗಾರಳಾಗಿ ಸಹಿ ಹಾಕಿದರೆ ಪೂರ್ತಿ ಸಾಲಕ್ಕೆ ಆಕೆಯೂ ಹೊಣೆ. ಅರ್ಧ ಸಾಲಕ್ಕೆ ಮಾತ್ರ ಎಂದು ಯಾರಾದರೂ ಹೇಳಿದರೆ ನಂಬಬಾರದು. ಆದರೆ ಕ್ರಯಪತ್ರದಲ್ಲಿ, ಮನೆಯ ಖಾತೆಯಲ್ಲಿ ಹೆಸರಿಲ್ಲದೆಯೂ ಸಹ ಸಾಲಗಾರಳಾಗಬಹುದು, ಮತ್ತು ನಮ್ಮಲ್ಲಿ ಹಾಗೆ ಆದವರು ಬಹಳ. "ಅವರ ಸಂಬಳ ಸಾಲಕ್ಕೆ, ನನ್ನ ಸಂಬಳ ದಿನಸಿಗೆ" ಎಂಬ ಏರ್ಪಾಡು ಕೇಳಲು ಸರಿಯಾಗಿಯೇ ಇದೆ. ಇಪ್ಪತ್ತು ವರ್ಷದ ನಂತರ ಸಾಲ ಕಟ್ಟಿದವರ ಹೆಸರಿನಲ್ಲಿ ಮನೆ ಇರುತ್ತದೆ, ದಿನಸಿ ತಂದವರ ಹೆಸರಿನಲ್ಲಿ ಏನೂ ಇರುವುದಿಲ್ಲ. ನಮ್ಮ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ.

ಇನ್ನು ವಿಮೆ. ಗೃಹಸಾಲ ಮಂಜೂರಾಗುವ ಹೊತ್ತಿಗೆ ಸಾಲ ಕೊಡುವವರ ಕಡೆಯ ಒಬ್ಬರು ಒಂದು ವಿಮೆಯ ಅರ್ಜಿಯನ್ನೂ ಮುಂದಿಟ್ಟು, ಇದಿಲ್ಲದೆ ಸಾಲ ಆಗುವುದಿಲ್ಲ ಎಂದಿದ್ದರು. ಪೂರ್ತಿ ಕಂತನ್ನು ಒಂದೇ ಬಾರಿಗೆ ಸಾಲಕ್ಕೇ ಸೇರಿಸುವ ಬಗೆಯದು ಅದು. ಅಂದರೆ ವಿಮೆಯ ಕಂತಿಗೂ 20 ವರ್ಷ ಬಡ್ಡಿ ಕಟ್ಟಬೇಕು. ಅವರೇ ಮಾರುವ ವಿಮೆಯನ್ನೇ ಕೊಳ್ಳಬೇಕೆಂಬ ಕಾನೂನೇನೂ ಇಲ್ಲ. ಇದಿಲ್ಲದೆ ಸಾಲವಿಲ್ಲ ಎಂಬುದನ್ನು ಬರೆದು ಕೊಡಿ ಎಂದು ಕೇಳಿದಾಗ ಅರ್ಜಿ ಮತ್ತೆ ಫೈಲಿನೊಳಗೆ ಹೋಯಿತು. ಸಾಲಕ್ಕೆ ವಿಮೆ ಬೇಡವೆಂದು ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಆದರೆ ಉಳಿತಾಯ ಬೆರೆಯದ ಬರೀ ಅವಧಿ ವಿಮೆಯನ್ನು, ಉಳಿದ ಸಾಲದ ಜೊತೆಗೆ ಕೆಲವು ವರ್ಷದ ಮನೆಖರ್ಚೂ ಸೇರುವಷ್ಟು ಮೊತ್ತಕ್ಕೆ, ನಾವೇ ಹೊರಗೆ ಹುಡುಕಿ ತೆಗೆದುಕೊಳ್ಳುವುದು ಅಗ್ಗ. ಯಜಮಾನರು ಬಹಳ ದಿನ "ಕೆ.ಜಿ.ಐ.ಡಿ. ಇದೆಯಲ್ಲ, ಮಾವ ಮಾಡಿಸಿದ ಪಾಲಿಸಿಯೂ ಇದೆಯಲ್ಲ" ಎನ್ನುತ್ತಿದ್ದರು. ಎರಡೂ ಕೂಡಿದರೆ ಆಗಿದ್ದ ಸಾಲದ ಮೂರನೆಯ ಒಂದು ಭಾಗವೂ ಆಗುತ್ತಿರಲಿಲ್ಲ. ನೆಂಟರು ಏಜೆಂಟರಾಗಿರುವ ಮನೆಗಳಲ್ಲಿ ವಿಮೆ ಮುಖದಾಕ್ಷಿಣ್ಯದ ಲೆಕ್ಕದಲ್ಲಿ ಆಗುತ್ತದೆಯೇ ಹೊರತು ಸಾಲದ ಲೆಕ್ಕದಲ್ಲಿ ಅಲ್ಲ.

ಅವರ ಅವಧಿ ವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಮಾಡಿಸಿದ್ದೇವೆ. ಪಾಲಿಸಿ ತೆಗೆದುಕೊಳ್ಳುವಾಗಲೇ ಒಂದು ಪತ್ರ ತುಂಬಿದರೆ ಸಾಕು, ಆ ಹಣ ಹೆಂಡತಿ ಮಕ್ಕಳಿಗೇ ಮೀಸಲಾಗಿ, ಗಂಡನಿಗೆ ಸಾಲ ಕೊಟ್ಟವರ ಕೈಗೆ ಸಿಕ್ಕುವುದಿಲ್ಲ. ಪ್ರೋನೋಟಿನ ಅನುಭವದ ಮೇಲೆ ಇದನ್ನು ನಾನೇ ಕೇಳಿ ಮಾಡಿಸಿಕೊಂಡೆ, ಅವರೂ ಬೇಸರಪಡಲಿಲ್ಲ. ನನ್ನ ಹೆಸರಿನಲ್ಲೂ ಅವಧಿ ವಿಮೆ ಇದೆ. "ನಿನಗ್ಯಾಕೆ?" ಎಂದು ಅತ್ತೆಯವರು ಕೇಳಿದ್ದರು. ನನ್ನ ಸಂಬಳವಿಲ್ಲದೆ ಆ ಮನೆಯ ಲೆಕ್ಕ ಒಂದು ತಿಂಗಳೂ ಕೂಡುವುದಿಲ್ಲ, ಅದಕ್ಕೆ.

ಆರೋಗ್ಯದ ವಿಷಯದಲ್ಲಿ ಕಾರ್ಖಾನೆಯವರು ಗಮನಿಸಬೇಕಾದ ದಿನಾಂಕಗಳಿವೆ. ಸಂಬಳ ತಿಂಗಳಿಗೆ 21,000 ದಾಟಿದರೆ ಇ.ಎಸ್.ಐ.ನಿಂದ ಹೊರಬೀಳುತ್ತೇವೆ, ಆದರೆ ಅಂದೇ ಅಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ವಂತಿಗೆಯ ಎರಡು ಅವಧಿಗಳಿವೆ; ನಡುವೆ ಸಂಬಳ ಏರಿದರೂ ಆ ಅವಧಿ ಮುಗಿಯುವವರೆಗೆ ಶೇ 0.75ರ ಕಡಿತ ಮುಂದುವರಿಯುತ್ತದೆ. ನನಗೆ 2022ರ ಜುಲೈನಲ್ಲಿ ಸಂಬಳ ಏರಿತು, ಸೆಪ್ಟೆಂಬರ್‌ವರೆಗೆ ವಂತಿಗೆ ಹೋಯಿತು, ಅದಕ್ಕೆ ಪ್ರತಿಯಾದ ಸೌಲಭ್ಯದ ಅವಧಿ 2023ರ ಜನವರಿಯಿಂದ ಜೂನ್‌ವರೆಗೆ ಸಿಕ್ಕಿತು. ಆ ನೆರಳು ಇರುವಾಗಲೇ ಸ್ವಂತ ಆರೋಗ್ಯ ವಿಮೆ ಮಾಡಿಸಿದೆವು, ಏಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ವಿಮಾ ಕಂಪನಿಗಳು ಕಾಯಿಸುವ ಅವಧಿ ವರ್ಷಗಟ್ಟಲೆ ಇರುತ್ತದೆ. ಈಗಿನ ನಿಯಮದಲ್ಲಿ ಅದು ಹೆಚ್ಚೆಂದರೆ ಮೂರು ವರ್ಷ. ಕಂಪನಿಯ ಗುಂಪು ವಿಮೆ ಇದೆಯಲ್ಲ ಎನ್ನುವವರಿಗೆ, ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ ಎಂಬುದನ್ನು ನೆನಪಿಸುತ್ತೇನೆ. ಸ್ವಂತ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿರುವುದು ಒಂದು ಅನುಕೂಲ. ಊರಿನಲ್ಲಿರುವ ಅತ್ತೆ ಮಾವನವರು ಹಾಲಿನ ಡೇರಿಯ ಸದಸ್ಯರಾದ್ದರಿಂದ ಅವರಿಗೆ ಯಶಸ್ವಿನಿ ಎಂಬ ಆರೋಗ್ಯ ಯೋಜನೆಯ ಕಾರ್ಡು ಇದೆ. ಗ್ರಾಮೀಣ ಸಹಕಾರ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ.

ಪಿ.ಎಫ್. ಬಗ್ಗೆ ಒಂದೇ ಮಾತು. ಮೂರು ನಾಲ್ಕು ವರ್ಷ ದುಡಿದು, ಮದುವೆಯ ನೆಪದಲ್ಲಿ ಕೆಲಸ ಬಿಟ್ಟು, ಪಿಂಚಣಿಯ ಪಾಲನ್ನೂ ಸೇರಿಸಿ ಎಲ್ಲವನ್ನೂ ಹಿಂತೆಗೆದುಕೊಂಡು ಗಂಡನ ಸಾಲ ತೀರಿಸುವ ಹುಡುಗಿಯರ ಅರ್ಜಿಗಳು ತಿಂಗಳಿಗೆ ಒಂದಾದರೂ ನನ್ನ ಮೇಜಿಗೆ ಬರುತ್ತವೆ. ಆಮೇಲೆ ಮತ್ತೆ ಕೆಲಸಕ್ಕೆ ಸೇರಿದಾಗ, ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಎಣಿಕೆ ಒಂದರಿಂದ ಶುರುವಾಗುತ್ತದೆ. ಹಿಂತೆಗೆಯದೆ ಅದೇ ಯು.ಎ.ಎನ್. ಸಂಖ್ಯೆಗೆ (ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಸಂಖ್ಯೆ) ವರ್ಗಾಯಿಸಿಕೊಳ್ಳಿ ಎಂದು ಹೇಳುತ್ತೇನೆ. ಕೇಳುವವರು ಕಡಿಮೆ.

ಈಗ ಮೊದಲ ಪ್ರಶ್ನೆಗೆ ಉತ್ತರ. ಯಜಮಾನರ ಕೈಗೆ ಬರುವ ಸಂಬಳ 44,000, ನನ್ನದು 22,000. ಗೃಹಸಾಲದ ಕಂತು, ಅಸಲಿನ 3,000, ವಿಮೆಗಳ ಕಂತಿಗೆಂದು ತಿಂಗಳಿಗಿಷ್ಟು ಎತ್ತಿಡುವುದು, ಮಗಳ ಶಾಲೆ, ದಿನಸಿ ಎಲ್ಲ ಸೇರಿ 36,000 ಆಗುತ್ತದೆ. ಜಂಟಿ ಖಾತೆಗೆ ಅವರು 24,000 ಹಾಕುತ್ತಾರೆ, ನಾನು 12,000 ಹಾಕುತ್ತೇನೆ. ಸಾಲವೂ ದಿನಸಿಯೂ ಆ ಒಂದೇ ಖಾತೆಯಿಂದ ಹೋಗುವುದರಿಂದ ಯಾವುದು ಯಾರ ಸಂಬಳದ್ದು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಉಳಿದ ಹಣ ಅವರವರದ್ದು, ಲೆಕ್ಕ ಕೇಳುವುದಿಲ್ಲ. ಆದರೆ ಐದು ಸಾವಿರಕ್ಕಿಂತ ಹೆಚ್ಚಿನ ಯಾವ ಸಾಲವಾದರೂ ಅದೇ ವಾರ ಪುಸ್ತಕದ ಎಡ ಪುಟಕ್ಕೆ ಬರಬೇಕು.

ಪುಸ್ತಕದಲ್ಲಿ ಒಂದು ಪುಟ ಮಾತ್ರ ಇನ್ನೂ ಖಾಲಿಯಿದೆ. ಮಾವನವರು ಊರಿನ ಸೊಸೈಟಿಯಲ್ಲಿ ತೆಗೆದಿರುವ ಬೆಳೆಸಾಲ ಎಷ್ಟು, ಗಡುವು ಯಾವಾಗ ಎಂಬುದು ನಮಗೆ ತಿಳಿಯದು. ಗಡುವಿನೊಳಗೆ ಕಟ್ಟಿದರೆ ಅದಕ್ಕೆ ಬಡ್ಡಿಯಿಲ್ಲ, ತಪ್ಪಿದರೆ ಬಡ್ಡಿ ಬೀಳುತ್ತದೆ, ಆದ್ದರಿಂದ ಪಾಸ್‌ಬುಕ್ಕು ತೋರಿಸಿ ಎಂದು ಎರಡು ಯುಗಾದಿಗಳಿಂದ ಕೇಳುತ್ತಿದ್ದೇವೆ. "ಕೊಬ್ಬರಿ ಮಾರಿದ ಮೇಲೆ ನೋಡೋಣ ಬಿಡಮ್ಮ" ಎನ್ನುತ್ತಾರೆ.