ವಿಷದ ಹಾವು ಸಾಕುವುದು: ಬೀಗದಾಚೆ ಕಾನೂನು ಕೇಳಬೇಕಾದ್ದು

ಯಾರೋ ಮನೆಯಲ್ಲಿ ಸಾಕಿದ್ದ ವಿಷದ ಹಾವು ತಪ್ಪಿಸಿಕೊಂಡಿದೆ ಎಂಬ ಸುದ್ದಿ ಬಂದರೆ ಸಾಕು, ಎರಡು ಮಾತು ಕೇಳಿಬರುತ್ತವೆ. ಇದನ್ನೆಲ್ಲ ಪೂರ್ತಿ ನಿಷೇಧಿಸಿಬಿಡಿ ಎನ್ನುವುದು ಒಂದು. ಕಚ್ಚಿದರೆ ನಮಗೇ ತಾನೆ, ನಿಮಗೇನು ಕಷ್ಟ ಎಂದು ಸಾಕುವವರು ಹೇಳುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಸಾಕಿದ ಹಾವು ಬೀದಿಗೆ ಬಂದು ದಾರಿಹೋಕರನ್ನು ಕಚ್ಚುವುದು ತೀರಾ ಅಪರೂಪ. ಕಚ್ಚಿಸಿಕೊಳ್ಳುವವರು ಬಹುಮಟ್ಟಿಗೆ ಸಾಕಿದವರೇ. ಅದೂ ಆಹಾರ ಹಾಕುವಾಗಲೋ ಗೂಡು ಶುಚಿ ಮಾಡುವಾಗಲೋ, ಬೆರಳಿಗೆ ಅಥವಾ ಕೈಗೆ. ಆದರೆ ಕಚ್ಚಿಸಿಕೊಂಡವರು ಹೋಗುವುದು ಎಲ್ಲರಿಗೂ ಸೇರಿದ ಆಸ್ಪತ್ರೆಗೆ. ಅಲ್ಲಿನ ವೈದ್ಯರು ಹೆಸರೂ ಕೇಳಿರದ ಖಂಡಾಂತರದ ಹಾವಿಗೆ ಪ್ರತಿವಿಷ ಹುಡುಕಿಕೊಂಡು ಹೊರಡಬೇಕಾಗುತ್ತದೆ. ಕಾನೂನು ನಿಜವಾಗಿ ಕೈಹಾಕಬೇಕಾದ್ದು ಇಲ್ಲಿ.

ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದ ಉದಾಹರಣೆ ನೋಡಿ. ಅಲ್ಲಿನ ನಿಯಮ ಓದಲು ಬಹಳ ಚೆನ್ನಾಗಿದೆ: ಬೀಗ ಹಾಕಿದ ಗೂಡು, ಗೂಡಿನ ಮೇಲೆ ಹಾವಿನ ವೈಜ್ಞಾನಿಕ ಹೆಸರು, ಬಳಕೆಯ ಹೆಸರು, ಬೇಕಾದ ಪ್ರತಿವಿಷ ಯಾವುದು, ಮಾಲೀಕರು ಯಾರು ಎಂಬ ಚೀಟಿ. ಕಚ್ಚಿದರೆ ಏನು ಮಾಡಬೇಕೆಂಬ ಪತ್ರ ಕಣ್ಣಿಗೆ ಬೀಳುವಂತಿರಬೇಕು. ಹಾವು ತಪ್ಪಿಸಿಕೊಂಡರೆ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಆದರೆ ಲೈಸೆನ್ಸ್ ಬೇಕಿಲ್ಲ, ಹೀಗಾಗಿ ಬಂದು ನೋಡುವವರೂ ಇಲ್ಲ. 2021ರ ಜೂನ್‌ನಲ್ಲಿ ರ‍್ಯಾಲಿ ನಗರದ ಮನೆಯೊಂದರ ಜಗಲಿಯಲ್ಲಿ ವಿಷ ಉಗುಳುವ ಜೀಬ್ರಾ ಕೋಬ್ರಾ ಕಾಣಿಸಿಕೊಂಡಿತು. ಅದು ಹಿಂದಿನ ನವೆಂಬರ್‌ನಲ್ಲೇ ಕಾಣೆಯಾಗಿತ್ತು, ಯಾರಿಗೂ ಹೇಳಿರಲಿಲ್ಲ. ಈ ನಡುವೆ ಮಾರ್ಚ್‌ನಲ್ಲಿ ಅದೇ ಮಾಲೀಕನಿಗೆ ಅವನದೇ ಹಸಿರು ಮಾಂಬಾ ಕಚ್ಚಿ, ಪಕ್ಕದ ರಾಜ್ಯದ ಮೃಗಾಲಯದಿಂದ ಪ್ರತಿವಿಷ ತರಿಸಬೇಕಾಯಿತು. ತಪಾಸಣೆಯಿಲ್ಲದ ನಿಯಮ ಎಷ್ಟೇ ವಿವರವಾಗಿದ್ದರೂ ಸಾಕುವವರ ಮನಸ್ಸಾಕ್ಷಿಯ ಮೇಲೆಯೇ ನಿಂತಿರುತ್ತದೆ.

ಫ್ಲಾರಿಡಾದಲ್ಲಿ ಹಾಗಲ್ಲ. ಕನಿಷ್ಠ ಒಂದು ವರ್ಷದ ಅವಧಿಯಲ್ಲಿ 1000 ಗಂಟೆಗಳ ಅನುಭವ ಇದೆಯೆಂದು ತೋರಿಸದೆ ಲೈಸೆನ್ಸ್ ಸಿಗುವುದಿಲ್ಲ. ನನಗೆ ಬಹಳ ಹಿಡಿಸಿದ ನಿಯಮ ಇದು. ದುಡ್ಡಿದ್ದವರು ಒಳ್ಳೆಯ ಗೂಡನ್ನು ಒಂದೇ ದಿನದಲ್ಲಿ ಕೊಂಡು ತರಬಹುದು, ಕೈಯ ಅಭ್ಯಾಸವನ್ನು ತರಲಾಗುವುದಿಲ್ಲ. ಬ್ರಿಟನ್‌ನ 1976ರ ಅಪಾಯಕಾರಿ ವನ್ಯಪ್ರಾಣಿ ಕಾಯ್ದೆಯ ಪ್ರಕಾರ ಸ್ಥಳೀಯ ಆಡಳಿತ ಲೈಸೆನ್ಸ್ ಕೊಡುವ ಮುಂಚೆ ಪಶುವೈದ್ಯರು ಬಂದು ಪರೀಕ್ಷಿಸುತ್ತಾರೆ, ಮೂರನೆಯವರಿಗೆ ಆಗುವ ಹಾನಿಗೆ ವಿಮೆಯೂ ಇರಬೇಕು. ಜರ್ಮನಿಯ ಹೆರ್ನೆ ಊರಿನಲ್ಲಿ 2019ರಲ್ಲಿ ಮೊನೊಕಲ್ಡ್ ಕೋಬ್ರಾ ಒಂದು ತಪ್ಪಿಸಿಕೊಂಡು ಜನ ಮನೆ ಬಿಡಬೇಕಾಯಿತು. ಆ ಬಳಿಕ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯ 2021ರಿಂದ ಹೊಸದಾಗಿ ಅತಿ ವಿಷದ ಪ್ರಾಣಿ ಸಾಕುವುದನ್ನೇ ನಿಲ್ಲಿಸಿತು. ಮೊದಲೇ ಸಾಕಿದ್ದವರು ನೋಂದಾಯಿಸಿಕೊಳ್ಳಬೇಕಾಯಿತು.

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಗರಹಾವು, ಕೊಳಕುಮಂಡಲಗಳನ್ನು ಮನೆಯಲ್ಲಿ ಸಾಕಲು ಬಿಡುವುದೇ ಇಲ್ಲ. ಪ್ರತಿವಿಷ ತಯಾರಿಕೆಗೆ ವಿಷ ತೆಗೆಯಲು ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಇರುಳ ಬುಡಕಟ್ಟಿನವರ ಸಹಕಾರ ಸಂಘಕ್ಕೆ ಅನುಮತಿಯಿದೆ. ಅಲ್ಲಿ ಹಾವುಗಳನ್ನು ಕೆಲವೇ ವಾರ ಇಟ್ಟುಕೊಂಡು ಕಾಡಿಗೆ ಮರಳಿ ಬಿಡುತ್ತಾರೆ.

ಇವೆಲ್ಲಕ್ಕಿಂತ ಜಾಣತನ ನನಗೆ ಕಾಣುವುದು ಆಸ್ಟ್ರೇಲಿಯಾದಲ್ಲಿ. ಜಗತ್ತಿನ ಅತಿ ಘೋರ ವಿಷದ ಹಾವುಗಳು ಅಲ್ಲಿವೆ. ಲೈಸೆನ್ಸ್ ಪಡೆದು ಅವನ್ನು ಸಾಕಲು ರಾಜ್ಯಗಳು ಅವಕಾಶವನ್ನೂ ಕೊಟ್ಟಿವೆ. ಆದರೆ ಹೊರದೇಶದ ಹಾವನ್ನು ಮಾತ್ರ, ವಿಷವಿರಲಿ ಇಲ್ಲದಿರಲಿ, ಖಾಸಗಿಯವರು ಸಾಕುವಂತಿಲ್ಲ. ಸ್ಥಳೀಯ ಪರಿಸರ ಕಾಪಾಡಲು ಮಾಡಿದ ನಿಯಮವಿದು. ಆದರೂ ಅದರಿಂದ ಇನ್ನೊಂದು ಲಾಭವಾಗಿದೆ: ಸಾಕಿದ ಟೈಗರ್ ಸ್ನೇಕ್ ಕಚ್ಚಿದರೂ ತೈಪಾನ್ ಕಚ್ಚಿದರೂ ಅದಕ್ಕೆ ಪ್ರತಿವಿಷ ದೇಶದೊಳಗೇ ತಯಾರಾಗುತ್ತದೆ, ಬಳಸಿ ಗೊತ್ತಿರುವ ವೈದ್ಯರೂ ಇದ್ದಾರೆ.

ಪ್ರತಿವಿಷ ಫ್ರಿಜ್‌ನಲ್ಲಿ ಇಟ್ಟಿದ್ದೇನೆ, ಇನ್ನೇನು ಭಯ ಎನ್ನುವವರಿದ್ದಾರೆ. ಅದು ಮನೆಯಲ್ಲಿ ಚುಚ್ಚಿಕೊಳ್ಳುವ ಔಷಧವಲ್ಲ. ರಕ್ತನಾಳದ ಮೂಲಕ ಕೊಡಬೇಕು. ಅದಕ್ಕೇ ಅಲರ್ಜಿಯಾಗಿ ರಕ್ತದೊತ್ತಡ ಕುಸಿಯಬಹುದು, ಆದ್ದರಿಂದ ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು. ಒಂದೆರಡು ಸೀಸೆ ಇಟ್ಟುಕೊಂಡು ಸಾಕೆನ್ನುವಂತಿಲ್ಲ, ಮಾಂಬಾದಂಥ ಹಾವಿನ ಕಡಿತಕ್ಕೆ ಹತ್ತಕ್ಕೂ ಹೆಚ್ಚು ಬೇಕಾಗಬಹುದು. ಅವಧಿ ಮೀರಿದಂತೆಲ್ಲ ಹೊಸದಾಗಿ ಕೊಳ್ಳುತ್ತಲೇ ಇರಬೇಕು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ವರ್ಷಗಟ್ಟಲೆ ಹಾವಿನ ಜೊತೆ ಇದ್ದವರಿಗೆ, ಮುಂಚೆ ಕಚ್ಚಿಸಿಕೊಂಡವರಿಗೆ, ವಿಷಕ್ಕೇ ಅಲರ್ಜಿ ಬೆಳೆದಿರಬಹುದು. ಆಗ ವಿಷ ಏರುವ ಮೊದಲೇ, ನಿಮಿಷಗಳಲ್ಲೇ ಉಸಿರು ಕಟ್ಟುತ್ತದೆ.

ವಿಷ ಕಡಿಮೆ ಎನ್ನಿಸಿಕೊಂಡ ಹಾವುಗಳ ಪಟ್ಟಿಯೂ ನಂಬುವಂಥದ್ದಲ್ಲ. ಷಿಕಾಗೋದ ಹಾವು ತಜ್ಞ ಕಾರ್ಲ್ ಷ್ಮಿಟ್ ಅವರಿಗೆ 1957ರ ಸೆಪ್ಟೆಂಬರ್‌ನಲ್ಲಿ ಬೂಮ್‌ಸ್ಲ್ಯಾಂಗ್ ಮರಿಯೊಂದು ಕಚ್ಚಿತು. ಬಾಯಿಯ ಹಿಂಭಾಗದಲ್ಲಿ ವಿಷದ ಹಲ್ಲಿರುವ ಹಾವು, ಮನುಷ್ಯನ ಪ್ರಾಣ ಹೋಗದೆಂಬ ನಂಬಿಕೆ ಆಗಿತ್ತು. ಲಕ್ಷಣಗಳನ್ನು ಬರೆದಿಡುತ್ತಾ ಹೋದ ಅವರು ಮರುದಿನ ತೀರಿಕೊಂಡರು. ಲೈಸೆನ್ಸ್ ಬೇಕಾದ ಪ್ರಾಣಿಗಳ ಬ್ರಿಟನ್ನಿನ ಪಟ್ಟಿಯಲ್ಲಿ ಬೂಮ್‌ಸ್ಲ್ಯಾಂಗ್ ಇದೆ. ಮಂಡಲ ಮತ್ತು ನಾಗರ ಜಾತಿಗಳನ್ನಷ್ಟೇ ಹೆಸರಿಸಿ ಕೈತೊಳೆದುಕೊಳ್ಳುವ ಕಾನೂನಿನ ಕಣ್ಣಿಗೆ ಇಂಥ ಹಾವು ಬೀಳುವುದೇ ಇಲ್ಲ.

ಹಲ್ಲು ಕಿತ್ತ, ವಿಷಗ್ರಂಥಿ ತೆಗೆದ ಹಾವನ್ನು ಸಾಕಲು ಬಿಡಬಹುದೆಂಬ ಸಲಹೆ ಆಗಾಗ ಬರುತ್ತದೆ. ದಯವಿಟ್ಟು ಬೇಡ. ವಿಷದ ಹಲ್ಲಿನ ಹಿಂದೆ ಬದಲಿ ಹಲ್ಲುಗಳು ಸಾಲಾಗಿ ಕಾದಿರುತ್ತವೆ, ಕಿತ್ತದ್ದು ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ. ಗ್ರಂಥಿಯ ಶಸ್ತ್ರಚಿಕಿತ್ಸೆಯೂ ಪೂರ್ತಿ ನಂಬುವಂಥದ್ದಲ್ಲ, ಹಾವಿಗಂತೂ ಕ್ರೌರ್ಯ. ಮೇಲಾಗಿ, ಏನೂ ಮಾಡದು ಎಂಬ ಧೈರ್ಯದಿಂದ ಬರಿಗೈಯಲ್ಲಿ ಹಿಡಿಯುವ ಚಾಳಿ ಬೆಳೆಯುತ್ತದೆ.

ತಪಾಸಣೆಗೆ ಬಂದವರು ಮೊದಲು ನೋಡಬೇಕಾದ್ದು ಕೋಣೆಯನ್ನು. ಬಾಗಿಲ ಕೆಳಗಿನ ಸಂದು, ನೀರು ಹೋಗುವ ತೂತು, ಗೋಡೆಯಲ್ಲಿ ಪೈಪ್ ಹಾದುಹೋದ ಜಾಗ. ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ, ಅದೂ ಒಂದೇ ಬಾರಿಗೆ 20ರಿಂದ 40. ಹೆಬ್ಬೆರಳಿಗಿಂತಲೂ ತೆಳ್ಳಗಿರುವ ಆ ಮರಿಗಳಿಗೂ ವಿಷವಿರುತ್ತದೆ. ತಾಯಿಯನ್ನು ತಡೆಯುವ ಜಾಲರಿ ಮರಿಯನ್ನು ತಡೆಯುವುದಿಲ್ಲ. ಹೆಣ್ಣು ಹಾವು ಕೂಡಿದ ಎಷ್ಟೋ ತಿಂಗಳ ನಂತರವೂ ವೀರ್ಯವನ್ನು ಕಾಪಿಟ್ಟುಕೊಂಡಿರಬಲ್ಲದು. ಗಂಡನ್ನು ಜೊತೆಗಿಟ್ಟೇ ಇಲ್ಲ ಎಂದ ಮಾತ್ರಕ್ಕೆ ಮರಿ ಬಾರದೆನ್ನುವಂತಿಲ್ಲ.

ಆಮೇಲೆ ಗೂಡಿನೊಳಗೆ ಜಾರುಬಾಗಿಲಿನ ಅಡಗುಪೆಟ್ಟಿಗೆ ಇದೆಯೇ ನೋಡಬೇಕು. ಹಾವು ತಾನಾಗಿ ಅದರೊಳಗೆ ಹೋದ ಮೇಲೆ ಹೊರಗಿನಿಂದಲೇ ಹುಕ್‌ನಿಂದ ಬಾಗಿಲು ಮುಚ್ಚಿ ಗೂಡು ಶುಚಿ ಮಾಡಬಹುದು. ಮುಟ್ಟದೆ ಮುಗಿಯುವ ಕೆಲಸವನ್ನು ಮುಟ್ಟಿ ಮಾಡಬಾರದು. ಉದ್ದ ಇಕ್ಕಳದಂಥ ಟಾಂಗ್ಸ್‌ನಿಂದ ಗಟ್ಟಿಯಾಗಿ ಹಿಚುಕಿದರೆ ಪಕ್ಕೆಲುಬು ಮುರಿಯುತ್ತದೆ, ನೋವಿಗೆ ಹಾವು ತಿರುಗಿ ಬೀಳುತ್ತದೆ. ಪರೀಕ್ಷೆಗೋ ಔಷಧಕ್ಕೋ ಹಿಡಿಯಲೇಬೇಕಾದರೆ ಪಾರದರ್ಶಕ ಕೊಳವೆ ಬೇಕು, ಅದೂ ಹಲವು ಅಳತೆಗಳಲ್ಲಿ. ಕೊಳವೆ ಹಾವಿನ ದಪ್ಪಕ್ಕಿಂತ ತುಸುವೇ ಅಗಲವಿರಬೇಕು. ದೇಹದ ಸುಮಾರು ಮೂರನೇ ಒಂದು ಭಾಗ ಒಳಹೋದಾಗ ಕೊಳವೆಯ ಅಂಚನ್ನೂ ಹಾವನ್ನೂ ಒಂದೇ ಹಿಡಿಯಲ್ಲಿ ಸೇರಿಸಿ ಹಿಡಿಯುತ್ತಾರೆ. ಕೊಳವೆ ದೊಡ್ಡದಾದರೆ ಹಾವು ಒಳಗೇ ಮಡಚಿ ತಿರುಗಿ, ಹಿಡಿದ ಕೈಯ ಕಡೆಗೇ ತಲೆ ಹಾಕುತ್ತದೆ.

ಕಚ್ಚಿದರೆ ಏನು ಮಾಡಬೇಕೆಂಬ ಪತ್ರ ಹಾವಿಗೊಂದರಂತೆ ಇರಬೇಕು, ಎಲ್ಲಕ್ಕೂ ಒಂದೇ ಸಾಲದು. ನರಗಳಿಗೆ ವಿಷ ಏರಿಸುವ ಮಾಂಬಾ, ತೈಪಾನ್, ಕಟ್ಟುಹಾವಿಗೆ 10–15 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಕೈಕಾಲಿನ ಉದ್ದಕ್ಕೂ ಬಿಗಿಯಾಗಿ ಸುತ್ತಿ, ಮರದ ಪಟ್ಟಿಯಂಥ ಗಟ್ಟಿ ಆಧಾರ ಕಟ್ಟಿ ಅಲುಗಾಡದಂತೆ ಮಾಡುತ್ತಾರೆ. ಮಾಂಸ ಕೊಳೆಸುವ ಮಂಡಲಗಳಿಗೆ ಆ ಬಿಗಿತ ಬೇಡ, ಅಲುಗಾಡದಂತಿಟ್ಟರೆ ಸಾಕು. ಉಗುಳಿದ ವಿಷ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹಾಯಿಸಬೇಕು. ಉಂಗುರ, ಬಳೆ, ಗಡಿಯಾರ ಮೊದಲು ಬಿಚ್ಚಬೇಕು. ಕೊಯ್ಯುವುದು, ಹೀರುವುದು, ರಕ್ತ ನಿಲ್ಲುವಂತೆ ಹಗ್ಗ ಕಟ್ಟುವುದು ಯಾವ ಹಾವಿಗೂ ಬೇಡ. ಈ ಪತ್ರದ ಪ್ರತಿ ಮೊದಲೇ ಹತ್ತಿರದ ಆಸ್ಪತ್ರೆಗೆ ತಲುಪಿರಬೇಕು, ಮನೆಯಲ್ಲಿ ಇನ್ನೊಬ್ಬರಾದರೂ ಓದಿ ಅಭ್ಯಾಸ ಮಾಡಿರಬೇಕು. ಒಬ್ಬರೇ ಇರುವಾಗ ಗೂಡು ತೆರೆಯಕೂಡದು.

ಪೂರ್ತಿ ನಿಷೇಧದ ಬಗ್ಗೆ ನನ್ನ ಹೆದರಿಕೆ ಇದೇ. ಕದ್ದು ಸಾಕುವವರು ಕಚ್ಚಿಸಿಕೊಂಡಾಗ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ, ಹೋದರೂ ಯಾವ ಹಾವೆಂದು ಹೇಳುವುದಿಲ್ಲ. ಹೇಳದಿದ್ದರೆ ಯಾವ ಪ್ರತಿವಿಷ ಎಂದು ವೈದ್ಯರು ತೀರ್ಮಾನಿಸುವುದಾದರೂ ಹೇಗೆ? ಹಾಗಾಗಿ ಕಡಿತವನ್ನು ವರದಿ ಮಾಡಿದವರಿಗೆ ಆ ಕಾರಣಕ್ಕಾಗಿಯೇ ದಂಡ ಬೀಳದಂತೆ ಕಾನೂನಿನಲ್ಲಿ ಜಾಗವಿರಬೇಕು.

ಮುಟ್ಟುಗೋಲು ಹಾಕಿಕೊಂಡ ಹಾವುಗಳು ಎಲ್ಲಿಗೆ ಹೋಗಬೇಕೆಂದು ಹೇಳುವ ಕಾನೂನುಗಳು ಕಡಿಮೆ. ಹೊರದೇಶದ ಹಾವನ್ನು ಕಾಡಿಗೆ ಬಿಡುವಂತಿಲ್ಲ. ಮೃಗಾಲಯಗಳಲ್ಲಿ ಜಾಗವಿಲ್ಲದಿದ್ದರೆ ಕೊಲ್ಲುವುದೇ ಉಳಿಯುತ್ತದೆ. ಸಾಕಿದ ನಾಗರಹಾವು 20 ವರ್ಷ ಬದುಕಬಹುದು. ಅಷ್ಟರಲ್ಲಿ ಮಾಲೀಕರು ಮನೆ ಬದಲಿಸಬಹುದು, ಕಾಯಿಲೆ ಬೀಳಬಹುದು. ಮಾಲೀಕರಿಗೆ ಆಗದಿದ್ದಾಗ ಹಾವನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬ ಅಂಕಣ ಲೈಸೆನ್ಸ್ ಅರ್ಜಿಯಲ್ಲಿ ಇರಲಿ. ವಹಿಸಿಕೊಳ್ಳುವವರ ಸಹಿಯೂ ಅವರ ಲೈಸೆನ್ಸ್ ಸಂಖ್ಯೆಯೂ ಅದರಲ್ಲಿರಲಿ.