ಮ್ಯಾನ್ ಪೇಜ್ ಇಲ್ಲದ ಆರನೇ ಐಎಸ್‌ಒ

ನವೆಂಬರ್ 15, 2025, ಶನಿವಾರ

ಬೆಳಿಗ್ಗೆ ಬೇಗನೆ ಲ್ಯಾಬ್‌ಗೆ ಹೋದೆ. ನಮ್ಮ ವಿದ್ಯಾರ್ಥಿಗಳಿಗೋಸ್ಕರ ಕಟ್ಟುತ್ತಿರುವ ಆಪರೇಟಿಂಗ್ ಸಿಸ್ಟಮ್‌ನ ಆರನೇ ಐಎಸ್‌ಒ (ಇಡೀ ಸಿಸ್ಟಮ್ ಅಡಗಿರುವ, ಬೂಟ್ ಮಾಡಬಹುದಾದ ಒಂದೇ ಫೈಲ್) ರಾತ್ರಿ ರೆಡಿಯಾಗಿತ್ತು. ಪೆನ್‌ಡ್ರೈವ್‌ಗೆ ಬರೆದು ಮೊದಲ ವರ್ಷದ ಒಬ್ಬ ಹುಡುಗಿಯ ಕೈಗೆ ಕೊಟ್ಟೆ. "ನಿನಗೆ ತೋಚಿದ್ದು ಮಾಡಮ್ಮ, ಎಲ್ಲಿ ತೊಡಕಾಗುತ್ತೆ ನೋಡೋಣ" ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಅದೇ ಕಷ್ಟದ ಕೆಲಸ.

ಇದಕ್ಕೆ ಕೈ ಹಾಕಿದ ಕಾರಣ ಸರಳ. ಪ್ರತಿ ಸಲ ಮೊದಲ ಎರಡು ವಾರದ ಲ್ಯಾಬ್ ಬರೀ ಇನ್‌ಸ್ಟಾಲ್ ಮಾಡುವುದರಲ್ಲೇ ಹೋಗುತ್ತದೆ. ಒಬ್ಬರಿಗೆ ಕಂಪೈಲರ್ ಸಿಗುವುದಿಲ್ಲ, ಇನ್ನೊಬ್ಬರಿಗೆ ಪಾತ್ ಸರಿಯಿಲ್ಲ, ಮತ್ತೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಜಾಗವೇ ಇಲ್ಲ. ಒಂದು ಸಾಲು ಕೋಡ್ ಬರೆಯುವ ಮೊದಲೇ ಕೆಲವರು "ಇದು ನನ್ನ ಕೈಲಾಗಲ್ಲ" ಅಂದುಕೊಂಡುಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸಿಸ್ಟಮ್‌ನ ತಿರುಳಾದ ಕರ್ನಲ್ ನಾವು ಬರೆದಿಲ್ಲ. ಅಡಿಪಾಯ ಡೆಬಿಯನ್ 13 ಅನ್ನುವ ಲಿನಕ್ಸ್. ಲೈವ್-ಬಿಲ್ಡ್ ಅನ್ನುವ ಸಾಧನಕ್ಕೆ ಪ್ಯಾಕೇಜ್‌ಗಳ ಪಟ್ಟಿ ಕೊಟ್ಟರೆ ಅದು ಒಂದು ಫೋಲ್ಡರ್ ಒಳಗೆ ಇಡೀ ಸಿಸ್ಟಮ್ ಜೋಡಿಸಿ, ಸ್ಕ್ವಾಶ್‌ಎಫ್‌ಎಸ್ ಅನ್ನುವ ಕುಗ್ಗಿಸಿದ ರೂಪಕ್ಕೆ ಒತ್ತಿ, ಐಎಸ್‌ಒ ಮಾಡಿಕೊಡುತ್ತದೆ. 4 ಜಿಬಿ ರ್‍ಯಾಮ್‌ನ ಮಷೀನಲ್ಲೂ ಆರಾಮಾಗಿ ಓಡಲಿ ಅಂತ ಡೆಸ್ಕ್‌ಟಾಪ್‌ಗೆ ಎಕ್ಸ್‌ಎಫ್‌ಸಿಇ. ಪೆನ್‌ಡ್ರೈವ್‌ನಲ್ಲೇ ಪರ್ಸಿಸ್ಟೆನ್ಸ್ ಪಾರ್ಟಿಶನ್ ಇದೆ, ಹಾಗಾಗಿ ಬರೆದದ್ದು ಅಳಿಸಿಹೋಗುವುದಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಎಕ್ಸ್‌ವಿ6. 1970ರ ದಶಕದ ಯುನಿಕ್ಸ್ 6ನೇ ಆವೃತ್ತಿಯ ಮಾದರಿಯಲ್ಲಿ ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಅದು. ಈಗ ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ವಿನ್ಯಾಸದ ಮೇಲೆ ಓಡುತ್ತದೆ. ಲಿನಕ್ಸ್ ಕರ್ನಲ್ ಓದಲು ಕೂತರೆ ದಡವೇ ಕಾಣುವುದಿಲ್ಲ. ಇದನ್ನು ಒಂದು ಸೆಮಿಸ್ಟರ್‌ನಲ್ಲಿ ಪೂರ್ತಿ ಓದಬಹುದು. /ಇಟಿಸಿ/ಸ್ಕೆಲ್‌ನಲ್ಲಿ ಅದರ ಸೋರ್ಸ್ ಇಟ್ಟಿದ್ದೇನೆ. ಹೊಸ ಯೂಸರ್ ಆದ ತಕ್ಷಣ ಅವರ ಹೋಮ್ ಫೋಲ್ಡರ್‌ಗೆ ಒಂದು ಪ್ರತಿ ಬಂದುಬಿಡುತ್ತದೆ. ಯಾವ ಪ್ರೋಗ್ರಾಮ್ ಯಾವಾಗ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರ್ ತೆರೆದು ಒಂದು ಸಾಲು ಬದಲಿಸಿ, ಕ್ಯೂಇಎಂಯು ಅನ್ನುವ ನಕಲಿ ಕಂಪ್ಯೂಟರ್ ಒಳಗೆ ಓಡಿಸಿ, ಕೆಟ್ಟರೆ ಕೆಡಲಿ. ಹೊರಗಿನ ಮಷೀನ್‌ಗೆ ಏನೂ ಆಗುವುದಿಲ್ಲ. ಕೆಡಿಸಿ ನೋಡುವ ಧೈರ್ಯ ಬರದೆ ಸಿಸ್ಟಮ್ಸ್ ಕಲಿಯುವುದು ಹೇಗೆ, ಅಲ್ವಾ?

ಸರಿ, ಹುಡುಗಿಯ ವಿಷಯಕ್ಕೆ ಬರುತ್ತೇನೆ. ಬೂಟ್ ಆಯಿತು. ಟರ್ಮಿನಲ್ ತೆರೆದಳು, ಸಣ್ಣ ಸಿ ಪ್ರೋಗ್ರಾಮ್ ಬರೆದಳು, ಓಡಿತು. ಆಮೇಲೆ "ಮ್ಯಾನ್ ಪ್ರಿಂಟ್‌ಎಫ್" ಅಂತ ಟೈಪ್ ಮಾಡಿದಳು. ಮ್ಯಾನ್ ಅಂದರೆ ಸಿಸ್ಟಮ್ ಒಳಗಿನ ಕೈಪಿಡಿಯ ಪುಟ ತೆರೆಯುವ ಕಮಾಂಡ್, ಪ್ರಿಂಟ್‌ಎಫ್ ಅಂದರೆ ಅವಳ ಪ್ರೋಗ್ರಾಮ್‌ನಲ್ಲಿ ಪರದೆಗೆ ಅಕ್ಷರ ಬರೆಯುವ ಸಿ ಫಂಕ್ಷನ್. ಬಂದ ಪುಟವನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದಳು. "ಮೇಡಂ, ಇದು ನಾನು ಬರೆದ ಪ್ರಿಂಟ್‌ಎಫ್ ಅಲ್ಲ ಅನ್ಸುತ್ತೆ."

ಅವಳು ಹೇಳಿದ್ದು ಸರಿ. ಅದು ಅದೇ ಹೆಸರಿನ ಶೆಲ್ ಕಮಾಂಡ್‌ನ ಪುಟ, ಕೈಪಿಡಿಯ 1ನೇ ವಿಭಾಗದ್ದು. ಸಿಸ್ಟಮ್ ಕಾಲ್‌ಗಳು 2ನೇ ವಿಭಾಗದಲ್ಲಿ, ಸಿ ಲೈಬ್ರರಿ 3ರಲ್ಲಿ. "ನಡುವೆ 3 ಹಾಕಿ ನೋಡು" ಅಂದೆ. ಹಾಕಿದಳು. ಆ ವಿಭಾಗದಲ್ಲಿ ಅಂಥ ಪುಟವೇ ಇಲ್ಲ ಅಂತ ಬಂತು.

ತಪ್ಪು ನನ್ನದೇ. ಐಎಸ್‌ಒ ದಪ್ಪ ಆಗುತ್ತಿದೆ ಅಂತ ಹೋದ ವಾರ ಪ್ಯಾಕೇಜ್ ಹಾಕುವ ಎಪಿಟಿಯಲ್ಲಿ ರೆಕಮೆಂಡ್ಸ್ (ಇದ್ದರೆ ಒಳ್ಳೆಯದು ಅನ್ನುವ ಪ್ಯಾಕೇಜ್‌ಗಳನ್ನೂ ತರುವ) ಆಯ್ಕೆಯನ್ನು ಆಫ್ ಮಾಡಿದ್ದೆ. ಬೇಕೇಬೇಕಾದ ಪ್ಯಾಕೇಜ್‌ಗಳಷ್ಟೇ ಬಂದವು. ಸಿ ಲೈಬ್ರರಿಯ ಪುಟಗಳಿರುವ ಮ್ಯಾನ್‌ಪೇಜಸ್-ಡೆವ್ ಆ ಬೇಕೇಬೇಕಾದವುಗಳ ಸಾಲಿನಲ್ಲಿ ಬರುವುದಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಬಿಟ್ಟುಹೋಗಿದೆ. ಅದರ ಗಾತ್ರ ಕೆಲವೇ ಎಂಬಿ! ನಾನು ಐದು ಐಎಸ್‌ಒ ಪರೀಕ್ಷಿಸಿದ್ದೇನೆ, ಈ ಆರನೆಯದನ್ನೂ ಬೂಟ್ ಮಾಡಿ ನೋಡಿದ್ದೆ. ಒಂದು ಸಲವೂ ಮ್ಯಾನ್ ತೆರೆದಿರಲಿಲ್ಲ. ನನಗೆ ಬೇಕಾಗಿರಲಿಲ್ಲ, ಅಷ್ಟೇ. ನೆಟ್ ಇಲ್ಲದ ಕಡೆ ಒಂಟಿಯಾಗಿ ಕೂತು ಕಲಿಯುವವರಿಗೆ ಅದೇ ಮೇಷ್ಟ್ರು.

ಪಟ್ಟಿಗೆ ಆ ಹೆಸರನ್ನು ಅವಳ ಕೈಯಿಂದಲೇ ಸೇರಿಸಿದೆ. ಜೊತೆಗೆ ಜಿಡಿಬಿ (ತಪ್ಪು ಹುಡುಕುವ ಸಾಧನ) ಮತ್ತು ಗಿಟ್‌ನ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಡಾಕ್ಯುಮೆಂಟ್‌ಗಳೂ ಇವೆಯಾ ಅಂತ ನೋಡಿಕೊಂಡೆವು. ಪ್ಯಾಕೇಜ್‌ಗಳ ಸೋರ್ಸ್ ಕೋಡನ್ನೂ ಕೂಡಿಸಿಕೊಡುವ ಲೈವ್-ಬಿಲ್ಡ್‌ನ ಆಯ್ಕೆಯನ್ನೂ ಆನ್ ಮಾಡಿದೆ. ಪೆನ್‌ಡ್ರೈವ್ ಹಂಚುವಾಗ ಜಿಪಿಎಲ್ ಅನ್ನುವ ಮುಕ್ತ ತಂತ್ರಾಂಶ ಲೈಸೆನ್ಸ್ ಪ್ರಕಾರ ಸೋರ್ಸ್ ಕೊಡಲೇಬೇಕು. ಲೈಸೆನ್ಸ್ ಹೇಳದಿದ್ದರೂ ಕೊಡುತ್ತಿದ್ದೆ.

ಬಿಲ್ಡ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅವಳು ಹೊರಟಿರಲಿಲ್ಲ. ಏಳನೇ ಐಎಸ್‌ಒ ಬೂಟ್ ಮಾಡಿ ಮತ್ತೆ ಅದೇ ಕಮಾಂಡ್ ಕೊಟ್ಟಳು. ಈ ಸಲ ಪುಟ ಬಂತು. ನಿಧಾನಕ್ಕೆ ಕೆಳಗೆ ಇಳಿಸುತ್ತಾ ಒಂದು ಕಡೆ ನಿಂತಳು.

"ಮೇಡಂ, ಪ್ರಿಂಟ್‌ಎಫ್ ಎಷ್ಟು ಅಕ್ಷರ ಪ್ರಿಂಟ್ ಮಾಡಿದೆ ಅಂತ ವಾಪಸ್ ಹೇಳುತ್ತಾ?"

"ಹೇಳುತ್ತೆ. ಬೇಕಿದ್ರೆ ಪರೀಕ್ಷೆ ಮಾಡಿ ನೋಡು."

ಅವಳು ಆಗಲೇ ಟೈಪ್ ಮಾಡುತ್ತಿದ್ದಳು.